ಕನ್ನಡಿ ನೋಡದೆ ಎದ್ದವನು

"ಗುರುಗಳೇ, ದೊಡ್ಡ ಕತೆ ಕೇಳಿದ ದಿನ ನನಗೆ ಒಳ್ಳೆಯ ನಿದ್ದೆ ಬರುತ್ತದೆ. ಸಣ್ಣ ಕತೆ ಓದಿದ ದಿನ ಬರುವುದಿಲ್ಲ. ಇದು ಯಾಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಮಠದಲ್ಲಿ ಮಧ್ಯಾಹ್ನದ ಊಟ ಮುಗಿದಿತ್ತು. ಗುರುಗಳು ಜಗಲಿಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಸವರುತ್ತಿದ್ದರು. "ಯಾವುದು ದೊಡ್ಡದು, ಯಾವುದು ಸಣ್ಣದು? ಮೊದಲು ಅಳತೆ ಹೇಳು" ಅಂದರು.

ಶಿಷ್ಯ ಹೇಳಿದ: "ಪುರಾಣದಲ್ಲಿ ಬೆಟ್ಟ ಕೀಳುತ್ತಾರೆ, ಸಮುದ್ರ ಕುಡಿಯುತ್ತಾರೆ, ಅಕ್ಷೌಹಿಣಿಗಟ್ಟಲೆ ಸೈನ್ಯ ಸಾಯುತ್ತದೆ. ಮಂಗಳ ಹಾಡಿದ ಮೇಲೆ ನಾನು ಹೋಗಿ ಹಾಯಾಗಿ ಮಲಗುತ್ತೇನೆ. ಮೊನ್ನೆ ಕಪಾಟಿನಲ್ಲಿ ಒಂದು ತೆಳ್ಳಗಿನ ಪುಸ್ತಕ ಸಿಕ್ಕಿತು. ಅದರಲ್ಲಿ ಒಬ್ಬ ಗುಮಾಸ್ತ ಬಸ್ ನಿಲ್ದಾಣದಲ್ಲಿ ಕೂತಿದ್ದಾನೆ. ತಾನೇ ಕಟ್ಟಿಕೊಂಡ ಬುತ್ತಿ ಬಿಚ್ಚುತ್ತಾನೆ. ಇವತ್ತೂ ಇಬ್ಬರಿಗಾಗುವಷ್ಟು ಕಟ್ಟಿದ್ದಾನೆ. ತನ್ನ ಪಾಲು ತಿನ್ನುತ್ತಾನೆ, ಇನ್ನೊಂದನ್ನು ಹಾಗೇ ಮುಚ್ಚುತ್ತಾನೆ. ಬಸ್ಸು ಬರುತ್ತದೆ. ಕತೆ ಮುಗಿಯಿತು. ಯಾರೂ ಸಾಯಲಿಲ್ಲ, ಒಂದು ಕಲ್ಲೂ ಅಲುಗಲಿಲ್ಲ. ಆದರೆ ನಾನು ರಾತ್ರಿಯೆಲ್ಲ ಹೊರಳಾಡಿದೆ. ಆ ಇನ್ನೊಂದು ಪಾಲು ಯಾರದು? ಅವರೆಲ್ಲಿ ಹೋದರು? ಹೇಳಿಬಿಡಲು ಬರೆದವನಿಗೇನು ಧಾಡಿ? ಇಂಥ ಕತೆಯೇ ಬೇಡ ಎಂದು ಪುಸ್ತಕವನ್ನು ವಾಪಸ್ ಇಟ್ಟೆ. ಮರುದಿನ ನಾನೇ ಹೋಗಿ ಮತ್ತೆ ತೆಗೆದೆ."

"ಬೇಡ ಅಂದದ್ದನ್ನು ಮತ್ತೆ ಯಾಕೆ ತೆಗೆದೆ?"

"ಅದೇ ನನಗೂ ತಿಳಿಯದೆ ನಿಮ್ಮ ಹತ್ತಿರ ಬಂದಿದ್ದೇನೆ."

ಗುರುಗಳು ಎಲೆ ಮಡಚಿ ಬಾಯಿಗಿಟ್ಟುಕೊಂಡರು. "ಹಾಗಾದರೆ ಕೇಳು. ಇದು ನಡೆದದ್ದು. ನಡೆಯದೆ ಇದ್ದರೆ ಅದು ನಡೆಸದವರ ತಪ್ಪು, ನನ್ನದಲ್ಲ. ಯಾವ ಊರು, ಯಾರ ಹೆಸರು ಎಂದು ಕೇಳಬೇಡ. ಹೇಳಿದರೆ ಅವರ ನೆಂಟರು ಹುಡುಕಿಕೊಂಡು ಬಂದು ಇಲ್ಲೇ ಊಟಕ್ಕೆ ಕೂರುತ್ತಾರೆ" ಅಂದರು.

ಈ ಕತೆಯಲ್ಲೊಬ್ಬ ಕ್ಷೌರಿಕ ಬರುತ್ತಾನೆ; ಇದನ್ನೇ ಹಿಂದೊಮ್ಮೆ ಹೇಳಿದಾಗ ಅವನ ಜಾಗದಲ್ಲಿ ಒಬ್ಬ ಅಂಬಿಗನಿದ್ದ ಎಂದು ಹಿರಿಯ ಶಿಷ್ಯರು ಹೇಳುತ್ತಾರೆ. ಅದನ್ನು ಗುರುಗಳ ಮುಂದೆ ಎತ್ತಿದರೆ, "ಹೌದು, ಆಮೇಲೆ ಅವನು ದೋಣಿ ಮಾರಿ ಕತ್ತಿ ಕೊಂಡ" ಅಂದುಬಿಡುತ್ತಾರೆ. ಇರಲಿ. ಅವರು ಹೇಳಿದ ಕತೆ ಹೀಗಿದೆ.

ಒಂದೂರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಊರ ಬಾಗಿಲ ಪಕ್ಕದ ಹುಣಸೆ ಮರದ ಕೆಳಗೆ ಅವನ ಕಟ್ಟೆ. ಒಬ್ಬ ಅವನೆದುರು ಕೂರುತ್ತಿದ್ದ. ಉಳಿದವರು ಸುತ್ತ ಕೂತು ಸರದಿ ಕಾಯುತ್ತಿದ್ದರು.

ಆ ಕಟ್ಟೆಗೊಂದು ಕಟ್ಟಳೆ ಇತ್ತು. ಯಾರೂ ಮಾಡಿದ್ದಲ್ಲ, ತಾನಾಗಿ ಆದದ್ದು. ಕೆನ್ನೆಗೆ ನೀರು ಹಚ್ಚಿ ಗಡ್ಡ ನೆನೆಸುವ ತನಕ ಕೂತವನು ಮಾತಾಡಬಹುದು. ಕತ್ತಿ ತಾಗಿತೋ, ಮಾತು ಬಂದ್. ತಾಗಿದ ಮೇಲೂ ಮಾತಾಡಿದವನೊಬ್ಬ ಊರಲ್ಲಿದ್ದ. ಅವನ ತುಟಿಯ ಗುರುತು ನೋಡಿ ಉಳಿದವರು ಬುದ್ಧಿ ಕಲಿತಿದ್ದರು. ಕ್ಷೌರ ಮುಗಿದ ಮೇಲಾದರೂ ಉಳಿದದ್ದನ್ನು ಹೇಳಬಹುದಲ್ಲ ಅಂದರೆ ಅದೂ ಇಲ್ಲ. ಕ್ಷೌರವಾದವನು ಮೈಲಿಗೆ. ಕೈಗೆ ಕೊಟ್ಟ ಕನ್ನಡಿಯಲ್ಲಿ ಮುಖ ನೋಡಿಕೊಂಡು, ಯಾರನ್ನೂ ಮುಟ್ಟದೆ, ಯಾರೊಡನೆಯೂ ಮಾತಿಗೆ ನಿಲ್ಲದೆ, ನೇರ ಮನೆಗೆ ಹೋಗಿ ಹಿತ್ತಿಲಲ್ಲಿ ಮೀಯಬೇಕು. ಹೀಗಾಗಿ ಆ ಕಟ್ಟೆಯ ಮೇಲೆ ಎಷ್ಟೋ ಕತೆಗಳು ಶುರುವಾದವು, ಒಂದೂ ಮುಗಿಯಲಿಲ್ಲ.

ಒಬ್ಬ ರೈತ ಬಂದು ಕೂತು, "ನಿನ್ನೆ ನಮ್ಮಣ್ಣ ಮನೆಗೆ ಬಂದಿದ್ದ. ಚಪ್ಪಲಿ ಬಿಡಲಿಲ್ಲ. ಅಂಗಳದಲ್ಲೇ ನಿಂತು ನೀರು ಕುಡಿದು ಹೋದ" ಅನ್ನುತ್ತಿದ್ದ. ಅಷ್ಟರಲ್ಲಿ ಗಡ್ಡ ನೆನೆದಿರುತ್ತಿತ್ತು.

ಒಬ್ಬ ಗಾಣಿಗ, "ಇವತ್ತು ನನ್ನ ಹೆಂಡತಿ ಹಾಡಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಮದುವೆಯಾದಾಗಿನಿಂದ ಅವಳು ಹಾಡಿದ್ದನ್ನೇ ನಾನು ಕೇಳಿರಲಿಲ್ಲ. ನನ್ನ ಹೆಜ್ಜೆ ಸದ್ದಿಗೆ ನಿಲ್ಲಿಸಿಬಿಟ್ಟಳು" ಅನ್ನುತ್ತಿದ್ದ. ಕತ್ತಿ ತಾಗುತ್ತಿತ್ತು.

ಕ್ಷೌರಿಕನ ಅಪ್ಪನ ಕಾಲದಲ್ಲಿ, ಇಂಥದ್ದನ್ನು ಕೇಳಿದವರು ಸುಮ್ಮನೆ ನೆಲ ನೋಡುತ್ತಿದ್ದರು. ಹೋಗುವಾಗ ಒಬ್ಬೊಬ್ಬರ ಮುಖವೂ ಭಾರವಾಗಿರುತ್ತಿತ್ತು. ಸಂಜೆ ಯಾರಾದರೊಬ್ಬರು ಎಮ್ಮೆ ಹುಡುಕುವ ನೆಪ ಮಾಡಿಕೊಂಡು ಆ ರೈತನ ಮನೆ ಕಡೆ ಹೋಗಿ ಬರುತ್ತಿದ್ದರು. ಎಮ್ಮೆ ಇಲ್ಲದವರೂ ಹೋಗುತ್ತಿದ್ದರು.

ಅಪ್ಪ ತೀರಿಕೊಂಡು ಮಗ ಕಟ್ಟೆಗೆ ಬಂದ. ಅವನಿಗೆ ಅರ್ಧ ಉಳಿದದ್ದು ಯಾವುದೂ ಸೇರುತ್ತಿರಲಿಲ್ಲ. ಅರ್ಧ ರೊಟ್ಟಿ ಕಂಡರೆ ತಿಂದು ಮುಗಿಸುವ, ಅರ್ಧ ತೆರೆದ ಬಾಗಿಲು ಕಂಡರೆ ದೂಡಿ ಮುಚ್ಚುವ ಜಾತಿ. ರೈತ ತಿರುವಿನಲ್ಲಿ ಮರೆಯಾದನೋ ಇಲ್ಲವೋ, ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತ ಶುರು ಮಾಡುತ್ತಿದ್ದ: "ಆ ಅಣ್ಣ ಯಾಕೆ ಚಪ್ಪಲಿ ಬಿಡಲಿಲ್ಲ ಗೊತ್ತಾ? ಹೊಸಾ ಚಪ್ಪಲಿ ಸ್ವಾಮಿ! ತಮ್ಮ ನೋಡಲಿ ಅಂತ ಬಂದದ್ದು. ಬಿಟ್ಟರೆ ಅದು ಮೂಲೆಗೆ ಹೋಗುತ್ತೆ, ಕಾಲಲ್ಲಿದ್ದರೆ ತಾನೇ ಕಾಣೋದು? ಈ ತಮ್ಮ ಬರೀ ಮುಖ ನೋಡಿದ. ಅಣ್ಣನಿಗೆ ಸಿಟ್ಟು ಬಂತು, ಹೋದ. ನಾಳೆ ಇವನೂ ಒಂದು ಜೊತೆ ಹೊಲಿಸಿಕೊಂಡು ಹೋಗ್ತಾನೆ, ಇಬ್ಬರೂ ಕಾಲು ಚಾಚಿ ಕೂತು ಸರಿಹೋಗ್ತಾರೆ."

ಕೂತವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಾಣಿಗನ ಹೆಂಡತಿಗೂ ಅವನೊಂದು ಕೊನೆ ಕಟ್ಟಿದ. ಅದರಲ್ಲಿ ಒಂದು ಗಿಳಿ ಬಂತು, ಅತ್ತೆ ಬಂದಳು, ಕೊನೆಗೆ ಎಲ್ಲರೂ ಹೋಳಿಗೆ ಉಂಡರು. ನಿಜವೇ ಎಂದು ಯಾರೂ ಕೇಳಲಿಲ್ಲ. ಕೊನೆ ಇತ್ತಲ್ಲ, ಸಾಕು.

ಕಟ್ಟೆಗೆ ಜನ ಹೆಚ್ಚಿದರು. ಗಡ್ಡ ಬೆಳೆಯದವರೂ ಬಂದು ಕೂತರು. ಎಲ್ಲರೂ ಹಗುರಾಗಿ ಮನೆಗೆ ಹೋಗಿ ಹಾಯಾಗಿ ಮಲಗಿದರು. ಎಮ್ಮೆ ಹುಡುಕುವ ನೆಪ ಯಾರಿಗೂ ಬೇಕಾಗಲಿಲ್ಲ.

ಇವರಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನು ಕತೆಯ ಕಡು ಆಸೆಬುರುಕ. ಕತೆ ಎಲ್ಲಿ ನಿಂತರೂ "ಆಮೇಲೆ?" ಅನ್ನುತ್ತಿದ್ದ. ಹೋಳಿಗೆ ಉಂಡರು ಅಂದರೂ "ಆಮೇಲೆ?" ಅನ್ನುತ್ತಿದ್ದ. "ಆಮೇಲೆ ಎಲೆ ಎತ್ತಿದರು ಯಜಮಾನ್ರೇ" ಅಂದರಷ್ಟೇ ಅವನಿಗೆ ಸಮಾಧಾನ.

ಒಂದು ದಿನ ಬೆಳಿಗ್ಗೆ ಒಬ್ಬ ನೇಕಾರ ಬಂದು ಕೂತ.

ಕ್ಷೌರಿಕನಿಗೆ ಅವನ ಮುಖ ಚೆನ್ನಾಗಿ ಗೊತ್ತು. ಎಡ ಗದ್ದದ ಕೆಳಗೆ ಒಂದು ಮಚ್ಚೆ. ಕತ್ತಿಗೆ ಅಲ್ಲೊಂದು ಚಿಕ್ಕ ತಿರುವು ಕೊಡಬೇಕು. ಆಸಾಮಿ ಭಾರಿ ಕಿರಿಕಿರಿ. ಪ್ರತಿ ಸಲವೂ ಕನ್ನಡಿಯನ್ನು ಆಚೆ ತಿರುಗಿಸಿ ಈಚೆ ತಿರುಗಿಸಿ, "ಎಡಗಡೆ ಮೀಸೇಲಿ ಒಂದು ಎಳೆ ಜಾಸ್ತಿ ಉಳಿದಿದೆ ಕಣಯ್ಯಾ" ಅನ್ನುವವನು. ಒಂದೆಳೆ ಹೆಚ್ಚಿದ್ದರೆ ನೇಕಾರನ ಕಣ್ಣಿಗೆ ಕಾಣದೆ ಇರುತ್ತದೆಯೇ? ಅದನ್ನು ತೆಗೆಸದೆ ಏಳುತ್ತಿರಲಿಲ್ಲ.

ಕ್ಷೌರಿಕ ನೀರು ಹಚ್ಚತೊಡಗಿದ. ನೇಕಾರ ಅಂದ: "ನಿನ್ನೆ ಸಂತೆಯಿಂದ ಒಂದು ಹೊಸ ಹಗ್ಗ ತಂದೆ. ನಮ್ಮ ಮನೆಗೆ ಬಾವಿ ಇಲ್ಲ. ದನವೂ ಇಲ್ಲ."

ಇನ್ನೂ ಮಾತಾಡಲು ಹೊತ್ತಿತ್ತು. ಗಡ್ಡ ಪೂರ್ತಿ ನೆನೆದಿರಲಿಲ್ಲ. ಆದರೆ ನೇಕಾರ ಮುಂದೆ ಏನೂ ಹೇಳಲಿಲ್ಲ. ಕತ್ತಿ ಓಡಿತು. ಮಚ್ಚೆಯ ಹತ್ತಿರ ತಿರುವು ತೆಗೆದುಕೊಂಡಿತು. ಮುಗಿಯಿತು. ನೇಕಾರ ಎದ್ದು ಹೋದ.

ಅವನು ತಿರುವು ದಾಟುವುದನ್ನೇ ವರ್ತಕ ಕಾಯುತ್ತಿದ್ದ. ಬಂದು ಕೂತು ಮುಖವನ್ನು ಒಡ್ಡಿದ. "ಹೇಳಯ್ಯಾ, ಹಗ್ಗದ್ದು ಏನು?"

ಕ್ಷೌರಿಕ ಅವನ ಕೆನ್ನೆಗೆ ನೀರು ಹಚ್ಚುತ್ತ ಅಂದ: "ಇನ್ನೇನು ಯಜಮಾನ್ರೇ, ಹಸು ಕೊಳ್ತಾನೆ. ಕೆಲವರು ಹಸು ಕೊಂಡು ಹಗ್ಗ ತರ್ತಾರೆ. ಇವನು ಹಗ್ಗ ತಂದು, ಅದಕ್ಕೆ ಒಪ್ಪೋ ಹಸು ಹುಡುಕ್ತಾನೆ. ನೇಕಾರ ಅಲ್ಲವಾ, ಬಣ್ಣ ಹೊಂದಬೇಕು."

ಎಲ್ಲರೂ ನಕ್ಕರು. ಕ್ಷೌರಿಕನೂ ನಕ್ಕ. ಆದರೆ ಈ ಕೊನೆ ಯಾಕೋ ಸರಿಯಾಗಿ ಕೂರಲಿಲ್ಲ ಅನ್ನಿಸಿತು. ಇನ್ನೊಂದು ಕಟ್ಟಿದ.

"ಹಸು ಅಲ್ಲ, ತಡೀರಿ. ಅವನ ಮನೇಲಿ ಇಬ್ಬರು ಸೊಸೆಯರು. ಬಟ್ಟೆ ಒಣಗಿಸೋ ಹಗ್ಗಕ್ಕೆ ದಿನಾ ಜಗಳ. ಇವನು ಎರಡನೇ ಹಗ್ಗ ತಂದ. ಈಗ ಅವರು ಯಾರದು ಹೊಸದು ಅಂತ ಜಗಳ ಆಡ್ತಾರೆ."

ಮತ್ತೆ ನಕ್ಕರು. ನಗುವಿನ ನಡುವೆ ಯಾರೋ, "ಅವನಿಗೆ ಸೊಸೆಯರು ಎಲ್ಲಿ ಬಂದರು? ಮಕ್ಕಳೇ ಇಲ್ಲ ಅಂತಾರಪ್ಪ" ಅಂದರು. ಇನ್ನೊಬ್ಬರು, "ಮಕ್ಕಳಿದ್ದಾರೆ, ಊರಲ್ಲಿಲ್ಲ" ಅಂದರು. ಮತ್ತೊಬ್ಬರು, "ಹೆಂಡತಿ ಇದ್ದಾಳಲ್ಲ?" ಅಂದರು. "ಇದ್ದಾಳಾ?" ಅಂದರು ಮೊದಲಿನವರು. ಯಾರಿಗೂ ಗೊತ್ತಿರಲಿಲ್ಲ.

"ಯಾವುದೋ ಒಂದು ಹೇಳಯ್ಯಾ, ಕೂತು ಸಾಕಾಯ್ತು" ಅಂದ ವರ್ತಕ.

ಕ್ಷೌರಿಕ ಮೂರನೆಯದು ಕಟ್ಟಿದ. ಅದು ಊಟಕ್ಕೆಂದು ಬಂದು ಎದ್ದೇ ಹೋಗದ ಭಾವಮೈದುನನ ಕತೆ. ಅವನನ್ನು ಕಟ್ಟಿ ಗಾಡಿಗೆ ಹಾಕಿ ಕಳಿಸಲು ಹಗ್ಗ. ಮೂರರಲ್ಲಿ ಇದೇ ಒಳ್ಳೆಯದು. ಒಬ್ಬ ನಗುತ್ತ ಕಟ್ಟೆಯಿಂದ ಕೆಳಗೆ ಜಾರಿದ. ಕ್ಷೌರಿಕ ಹೇಳುತ್ತ ಹೇಳುತ್ತ ವರ್ತಕನ ಬಲ ಕೆನ್ನೆ ಮುಗಿಸಿ ಎಡ ಕೆನ್ನೆಗೆ ಬಂದ.

"ಸ್ಸ್!" ಅಂದ ವರ್ತಕ.

ಒಂದು ಹನಿ ರಕ್ತ ಬಂದಿತ್ತು. ಕಟ್ಟೆಗೆ ಬಂದ ದಿನದಿಂದ ಕ್ಷೌರಿಕನ ಕೈ ತಪ್ಪಿದ್ದು ಅದೇ ಮೊದಲು. ಅವನು ರಕ್ತ ನಿಲ್ಲಲು ಪಟಿಕ ಒತ್ತಿದ. ಗಾಯ ಎಷ್ಟಾಗಿದೆ ಎಂದು ತೋರಿಸಲು ಕನ್ನಡಿಗೆ ಕೈ ಚಾಚಿದ. ಕನ್ನಡಿ ಇರುವ ಜಾಗದಲ್ಲಿರಲಿಲ್ಲ. ನೇಕಾರ ಕೂತಿದ್ದ ಮಣೆಯ ಪಕ್ಕದಲ್ಲಿ ಬೋರಲಾಗಿ ಬಿದ್ದಿತ್ತು.

ಆಗ ಅವನಿಗೆ ನೆನಪಾಯಿತು. ಕನ್ನಡಿಯನ್ನು ಕೈಗೆ ಕೊಟ್ಟಿದ್ದ. ನೇಕಾರ ತೆಗೆದುಕೊಂಡ, ಹಾಗೇ ಕೆಳಗಿಟ್ಟ. ಆಚೆ ತಿರುಗಿಸಲಿಲ್ಲ, ಈಚೆ ತಿರುಗಿಸಲಿಲ್ಲ. ಎಳೆ ಜಾಸ್ತಿ ಅನ್ನಲಿಲ್ಲ. ಮುಖ ನೋಡಿಕೊಳ್ಳದೆ ಎದ್ದು ಹೋದ.

ಕ್ಷೌರಿಕ ಆ ಕನ್ನಡಿಯನ್ನು ಮುಟ್ಟಲಿಲ್ಲ. ಕಟ್ಟೆಯ ಮೇಲೆ ಇನ್ನೂ ಭಾವಮೈದುನನ ನಗು ನಡೆದಿತ್ತು. ಮೂರು ಕೊನೆಗಳಲ್ಲಿ ಯಾವುದನ್ನು ಇಟ್ಟರೂ ನೇಕಾರ ಕನ್ನಡಿ ನೋಡಬೇಕಾಗಿತ್ತು. ಹಸು ಕೊಳ್ಳುವವನು ನೋಡುತ್ತಾನೆ. ಸೊಸೆಯರ ಜಗಳಕ್ಕೆ ಬೇಸತ್ತವನೂ ನೋಡುತ್ತಾನೆ. ನಾಳೆ ತನ್ನ ಮುಖ ಯಾರ ಕಣ್ಣಿಗಾದರೂ ಬಿದ್ದೀತು ಅನ್ನುವವನು ನೋಡುತ್ತಾನೆ. ನೋಡದೆ ಹೋಗುವವನು ಯಾರು?

ಅವನು ಎದ್ದ. ಕಟ್ಟೆಯಿಂದ ಇಳಿದ. ಓಡಿದ.

"ಏಯ್! ಎಲ್ಲಿಗಯ್ಯಾ? ನನ್ನ ಇನ್ನೊಂದು ಕೆನ್ನೆ!" ಎಂದು ವರ್ತಕ ಕೂಗಿದ. ಕೆನ್ನೆ ಸಿಗುವ ಲಕ್ಷಣ ಕಾಣಲಿಲ್ಲ. ಪಂಚೆ ಎತ್ತಿ ಕಟ್ಟಿ ಅವನೂ ಹಿಂದೆ ಬಿದ್ದ.

ಊರು ಆ ದಿನ ನೋಡಿದ ಮೆರವಣಿಗೆ ಇದು: ಮುಂದೆ ಬಿಚ್ಚುಗತ್ತಿ ಹಿಡಿದ ಕ್ಷೌರಿಕ, ಹಿಂದೆ ಅರ್ಧ ಮುಖ ಬೋಳಿಸಿದ, ಅರ್ಧ ಮುಖದಿಂದ ನೀರು ಸುರಿಸುವ ವರ್ತಕ. ಕತ್ತಿಗೆ ಹೆದರಿದವರು ಎಡಕ್ಕೆ ಸರಿದರು, ಮೈಲಿಗೆಗೆ ಹೆದರಿದವರು ಬಲಕ್ಕೆ ಸರಿದರು. ದಾರಿ ತಾನಾಗಿ ಬಿಟ್ಟುಕೊಂಡಿತು. ಕ್ಷೌರದ ದುಡ್ಡು ಬಾಕಿಯಿದ್ದದ್ದಕ್ಕೆ ವರ್ತಕನ ಕತ್ತು ಕುಯ್ಯಲು ಹೋಗಿ ಕ್ಷೌರಿಕ ತಪ್ಪಿಸಿಕೊಂಡ ಎಂದು ಮಧ್ಯಾಹ್ನದೊಳಗೆ ಊರಿಡೀ ಸುದ್ದಿಯಾಯಿತು. ಆ ಸುದ್ದಿಯನ್ನು ಮೊದಲು ಯಾರು ಹಬ್ಬಿಸಿದರು ಅನ್ನುವುದು ಬೇರೆ ಕತೆ.

"ಎಲ್ಲಿಗೆ ಅಂತಾದರೂ ಹೇಳು ಮಾರಾಯ!" ಎಂದು ವರ್ತಕ ಏದುಸಿರು ಬಿಟ್ಟ.

"ನೇಕಾರನ ಮನೆಗೆ."

"ಯಾಕೆ? ಅವನ ಕತೆ ಹೇಳಿ ಮುಗಿಸಿದೆಯಲ್ಲ!"

"ನಾನು ಮುಗಿಸಿದ್ದು. ಅವನು ಮುಗಿಸಿಲ್ಲ."

ವರ್ತಕನಿಗೆ ಅರ್ಥವಾಗಲಿಲ್ಲ. ಆದರೆ ಬಾಯಿಗೆ ಬಂದಿದ್ದ "ಆಮೇಲೆ?" ಅಲ್ಲೇ ನಿಂತಿತು. ಅವನು ಇನ್ನೂ ಜೋರಾಗಿ ಓಡಿದ.

ನೇಕಾರರ ಕೇರಿಗೆ ಬಂದು ಮುಟ್ಟಿದಾಗ ಕ್ಷೌರಿಕನ ಕಾಲು ನಿಂತಿತು. ಉದ್ದಕ್ಕೂ ಒಂದೇ ಥರದ ಮನೆಗಳು, ಒಂದೇ ಥರದ ಬಾಗಿಲುಗಳು. ಅವನಿಗೆ ಯಾವ ಮನೆಯೆಂದು ಗೊತ್ತಿರಲಿಲ್ಲ. ಆ ಕೆನ್ನೆಯ ಮೇಲೆ ಅವನು ಎಷ್ಟು ವರ್ಷ ಕತ್ತಿ ಆಡಿಸಿದ್ದನೋ. ಕೂದಲು ಯಾವ ಕಡೆಗೆ ಹೊರಳುತ್ತದೆ, ಎಲ್ಲಿ ಒರಟು, ಎಲ್ಲಿ ಮೆದು, ಎಲ್ಲ ಗೊತ್ತು. ಆ ಮುಖ ಸಂಜೆ ಯಾವ ಬಾಗಿಲು ಹೊಗುತ್ತದೆ ಗೊತ್ತಿಲ್ಲ. ಹೆಸರೂ ಗೊತ್ತಿಲ್ಲ. "ಕೂತ್ಕೊಳ್ಳಿ ಸ್ವಾಮಿ", "ಏಳಿ ಸ್ವಾಮಿ" ಎಂಬೆರಡು ಮಾತಿನಲ್ಲಿ ವರ್ಷಗಳು ಕಳೆದುಹೋಗಿದ್ದವು.

ಮೊದಲನೇ ಮನೆಯ ಜಗಲಿಯಲ್ಲಿ ಮುದುಕಿಯೊಬ್ಬಳು ರಾಟೆಯಲ್ಲಿ ನೂಲು ಸುತ್ತುತ್ತಿದ್ದಳು. "ಅವ್ವಾ, ಆ ನೇಕಾರರ ಮನೆ ಯಾವುದು?" ಎಂದು ಕೇಳಿದ.

"ಯಾವ ನೇಕಾರ? ಇಲ್ಲಿ ನಾಯಿ ಬಿಟ್ಟು ಎಲ್ಲರೂ ನೇಕಾರರೇ."

"ಎಡ ಗದ್ದದ ಕೆಳಗೆ ಮಚ್ಚೆ ಇದೆಯಲ್ಲ, ಅವರು."

"ಊರ ಗಂಡಸರ ಗದ್ದ ಎತ್ತಿ ನೋಡೋಕೆ ನನಗೇನು ಬಂದಿದೆ? ಅದು ನಿನ್ನ ಕಸುಬು" ಅಂದಳು ಮುದುಕಿ. ಆಮೇಲೆ ಅವನ ಕೈ ನೋಡಿದಳು. ರಾಟೆ ಬಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು.

ಕ್ಷೌರಿಕ ಬೀದಿಯ ನಡುವೆ ನಿಂತ. ಕೇಳಲು ಇನ್ನು ಯಾರೂ ಉಳಿದಿರಲಿಲ್ಲ. ಕತ್ತಿ ಕಂಡ ಕಡೆಯೆಲ್ಲ ಬಾಗಿಲು ಬೀಳುತ್ತಿತ್ತು. ಮನೆಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಟಕ್ ಟಕ್, ಟಕ್ ಟಕ್. ಅವನು ಆ ಸದ್ದಿನೊಳಗೆ ನಿಂತು ಹುಡುಕಿದ. ಹೇಗೆ ಹುಡುಕುವುದು? ಒಬ್ಬ ಮನುಷ್ಯ ಇದ್ದಾನೆ, ಹಗ್ಗ ತಂದಿದ್ದಾನೆ, ಬಾವಿ ಇಲ್ಲ, ದನ ಇಲ್ಲ. ಅವನ ಬಗ್ಗೆ ಅಷ್ಟೇ ಗೊತ್ತು. ಇಷ್ಟು ಹೊತ್ತು ತಾನು ಅವನಿಗೆ ಹಸು ಕೊಟ್ಟೆ, ಸೊಸೆಯರನ್ನು ಕೊಟ್ಟೆ, ಭಾವಮೈದುನನನ್ನು ಕೊಟ್ಟೆ. ಎಲ್ಲವನ್ನೂ ಕಿತ್ತು ಹಾಕಿದ ಮೇಲೆ ಹಗ್ಗವೊಂದೇ ಉಳಿಯಿತು.

ಅವನು ಒಂದೊಂದೇ ಬಾಗಿಲ ಮುಂದೆ ಹೋಗಿ ಕಿವಿಗೊಟ್ಟ. ಟಕ್ ಟಕ್. ಇದಲ್ಲ. ಟಕ್ ಟಕ್. ಇದೂ ಅಲ್ಲ. ವರ್ತಕ ಎದುರು ಸಾಲಿನಲ್ಲಿ ಅದನ್ನೇ ಮಾಡತೊಡಗಿದ. ಯಾಕೆಂದು ಕೇಳಲಿಲ್ಲ. ಅರ್ಧ ಮುಖದವನು ಪ್ರತಿ ಬಾಗಿಲಿಗೂ ಬೋಳು ಕೆನ್ನೆ ಒತ್ತಿ ನಿಂತ.

ಕೊನೆಯ ತಿರುವಿನಲ್ಲಿ ಸದ್ದಿಲ್ಲದ ಒಂದು ಮನೆ ಸಿಕ್ಕಿತು.

ಬಾಗಿಲು ಮುಚ್ಚಿತ್ತು. ಕ್ಷೌರಿಕ ಬಾಗಿಲ ಮೇಲೆ ಕೈಯಿಟ್ಟ. ದೂಡಲು ಆಗಲಿಲ್ಲ. ದೂಡಿದರೆ ಕೊನೆ ಕಾಣುತ್ತದೆ. ಊರಿಗೆಲ್ಲ ಕೊನೆ ಹಂಚಿದವನಿಗೆ ಈ ಒಂದು ಕೊನೆ ನೋಡಲು ಧೈರ್ಯ ಬರಲಿಲ್ಲ. ಹೊರಗೆ ನಿಂತಷ್ಟು ಹೊತ್ತು ನೇಕಾರ ಬದುಕಿದ್ದಾನೆ. ಆದರೆ ಹೊರಗೆ ನಿಂತಷ್ಟು ಹೊತ್ತೂ ಹೊತ್ತು ಮೀರುತ್ತಿದೆ.

ಹಿಂದಿನಿಂದ ವರ್ತಕ ಬಂದು ಬಾಗಿಲನ್ನು ದೂಡಿದ. ಅಗುಳಿ ಹಾಕಿರಲಿಲ್ಲ.

ನೇಕಾರ ನೇಯುವಾಗ ಕಾಲಿಡುವ ಮಗ್ಗದ ಗುಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಮಗ್ಗದಲ್ಲಿ ನೂಲಿರಲಿಲ್ಲ. ಹಗ್ಗ ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಮಿಂದಿರಲಿಲ್ಲ. ಕ್ಷೌರದ ಕೂದಲ ಚೂರುಗಳು ಇನ್ನೂ ಕುತ್ತಿಗೆಯ ಮೇಲಿದ್ದವು. ಕ್ಷೌರ ಮಾಡಿಸಿಕೊಂಡು ಮೀಯದೆ ಮನೆಯೊಳಗೆ ಕೂತವನನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ಅವನು ತಲೆಯೆತ್ತಿ ಕ್ಷೌರಿಕನ ಕೈ ನೋಡಿದ. "ಏನಯ್ಯಾ, ಕೊಲ್ಲೋಕೆ ಬಂದೆಯಾ?" ಅಂದ. ಅವನ ದನಿಯಲ್ಲಿ ಹೆದರಿಕೆ ಇರಲಿಲ್ಲ. ಅದು ಕ್ಷೌರಿಕನನ್ನು ಇನ್ನೂ ಹೆದರಿಸಿತು.

ಕ್ಷೌರಿಕ ತನ್ನ ಕೈಯಲ್ಲಿ ಕತ್ತಿಯಿರುವುದನ್ನು ಆಗ ನೋಡಿದ. ಮಡಚಿ ಸೊಂಟಕ್ಕೆ ಸಿಕ್ಕಿಸಿದ. ಏನಾದರೂ ಹೇಳಬೇಕಿತ್ತು. ಊರಿನಲ್ಲಿ ಅವನಷ್ಟು ಮಾತು ಬಲ್ಲವನು ಇನ್ನೊಬ್ಬನಿರಲಿಲ್ಲ. ಬಾಯಿ ತೆರೆದ. ಹಸು ಬರಲಿಲ್ಲ, ಗಿಳಿ ಬರಲಿಲ್ಲ, ಹೋಳಿಗೆ ಬರಲಿಲ್ಲ.

"ನೀವು ಕನ್ನಡಿ ನೋಡಲಿಲ್ಲ" ಅಂದ.

ಬೀದಿಯ ಮಗ್ಗಗಳೆಲ್ಲ ನಡೆಯುತ್ತಿದ್ದವು.

"ಇಲ್ಲ, ನೋಡಲಿಲ್ಲ" ಅಂದ ನೇಕಾರ.

ಕ್ಷೌರಿಕ ಹೋಗಿ ಅವನ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತ. ಭುಜಕ್ಕೆ ಭುಜ ತಾಗಿತು. ಮಿಂದವರಿಗೆ ತಾನೇ ಮೀಯದವರ ಮೈಲಿಗೆ? ಮೀಯದವರಿಗೆ ಮೀಯದವರದ್ದು ಏನೂ ಇಲ್ಲ. ಹಗ್ಗ ಯಾತಕ್ಕೆಂದು ಅವನು ಕೇಳಲಿಲ್ಲ. ಹಗ್ಗವನ್ನು ಎತ್ತಿ ಆಚೆಗಿಡಲೂ ಇಲ್ಲ. ಸುಮ್ಮನೆ ಕೂತ. ಸುಮ್ಮನೆ ಕೂರುವುದು ಅವನಿಗೆ ಅಭ್ಯಾಸವಿರಲಿಲ್ಲ.

ನೇಕಾರ ಬಾಗಿಲ ಕಡೆ ನೋಡಿದ. "ಅವರದ್ಯಾಕೆ ಹಾಗಿದೆ ಮುಖ?"

"ಅರ್ಧ ಆಗಿತ್ತು. ಅಷ್ಟರಲ್ಲಿ ಎದ್ದು ಬಂದೆ."

"ಅರ್ಧಕ್ಕೆ ಬಿಟ್ಟು ಬಂದೆಯಾ? ನೀನಾ?"

"ಹೂಂ."

"ಸ್ವಾಮಿ, ಒಳಗೆ ಬನ್ನಿ" ಅಂದ ನೇಕಾರ ವರ್ತಕನಿಗೆ. "ಬೀದೀಲಿ ಹಾಗೆ ನಿಲ್ಲಬೇಡಿ, ಮಕ್ಕಳು ಹೆದರ್ತಾವೆ." ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದ. ಬೇರೆ ಯಾವ ಕೆಲಸಕ್ಕೂ ಏಳದೆ ಕೂತಿದ್ದವನು ಈ ಕೆಲಸಕ್ಕೆ ಎದ್ದ. ನಾನು ಕೇಳಿದ ಮಟ್ಟಿಗೆ, ಒಂದು ಕೆನ್ನೆ ಬಾಕಿಯಿರುವ ಮುಖವನ್ನು ನೋಡಿಕೊಂಡು ಯಾವ ನೇಕಾರನೂ ಸುಮ್ಮನೆ ಕೂರಲಾರ.

ವರ್ತಕ ಗುಂಡಿಯ ಅಂಚಿನಲ್ಲಿ ಕೂತು ಮುಖವೊಡ್ಡಿದ. ನೇಕಾರ ಚೊಂಬು ಹಿಡಿದ. ಕ್ಷೌರಿಕ ಕತ್ತಿ ಬಿಚ್ಚಿ ಕೆನ್ನೆಗೆ ತಾಗಿಸಿದ. ಊರಿನಲ್ಲಿ ಎಲ್ಲದಕ್ಕೂ "ಆಮೇಲೆ?" ಅನ್ನುತ್ತಿದ್ದ ಒಂದೇ ಒಂದು ಬಾಯಿ ಈಗ ಕತ್ತಿಯ ಕೆಳಗೆ ಕಮಕ್ ಕಿಮಕ್ ಅನ್ನುವಂತಿರಲಿಲ್ಲ.

ಆಗ ನೇಕಾರ, ಚೊಂಬನ್ನು ನೋಡುತ್ತ, ಮಾತಾಡಲು ಶುರು ಮಾಡಿದ.

ಕ್ಷೌರಿಕ ಕತ್ತಿಯನ್ನು ನಿಧಾನ ಮಾಡಿದ. ಒಂದು ಕೂದಲಿಗೆ ಒಂದು ಗಳಿಗೆ. ಆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಬಿಸಿಲು ಬಾಗಿಲಿನಿಂದ ಹೊರಟು ಗೋಡೆ ಹತ್ತಿತ್ತು.

ಇಷ್ಟು ಹೇಳಿ ಗುರುಗಳು ಎದ್ದು ಹೋಗಿ ಎಲೆ ಉಗಿದು ಬಂದರು. ಬಂದು ಕೂತು ಕಾಲು ಚಾಚಿದರು.

ಶಿಷ್ಯ ಕಾದ. ಆಮೇಲೆ, "ನೇಕಾರ ಏನು ಹೇಳಿದ?" ಎಂದು ಕೇಳಿದ.

"ಬೀದಿಯಲ್ಲಿ ಮಗ್ಗದ ಸದ್ದು ಬಹಳ. ನನಗೆ ಕೇಳಿಸಲಿಲ್ಲ."

"ನೀವು ಅಲ್ಲಿದ್ದಿರಾ?"

"ಇರಲಿಲ್ಲ. ಇದ್ದಿದ್ದರೆ ಕೇಳಿಸುತ್ತಿರಲಿಲ್ಲವೇ?"

ಶಿಷ್ಯ ನಗಲಿಲ್ಲ. ಅವನ ಬೆರಳುಗಳು ಉತ್ತರೀಯದ ಅಂಚನ್ನು ತಿರುಚುತ್ತಿದ್ದವು. "ಮರುದಿನ? ಅವನು ಮರುದಿನ ಮಗ್ಗಕ್ಕೆ ಇಳಿದನೇ? ಆ ಹಗ್ಗ ಏನಾಯಿತು? ಅಷ್ಟಾದರೂ ಹೇಳಿ ಗುರುಗಳೇ. ನೀವು ಹೀಗೆ ಬಿಟ್ಟರೆ ಆ ನೇಕಾರನನ್ನು ನೆನೆದು ನನಗೆ ಇವತ್ತೂ ನಿದ್ದೆ ಬರುವುದಿಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು. ತುಂಟತನ ಅವರ ಕಣ್ಣಿನಿಂದ ಹೋಗಿತ್ತು.

"ಮರೀ, ನಿನ್ನ ಪಕ್ಕದ ಚಾಪೆಯಲ್ಲಿ ಮಲಗುವವನು ಮೊನ್ನೆಯಿಂದ ಊಟಕ್ಕೆ ಬಂದಿಲ್ಲ."